ಪದಚರ್ಚೆ: ‘ಯೂಸರ್ ಫ್ರೆಂಡ್ಲಿ’ಗೆ ‘ಬಳಕೆದಾರಸ್ನೇಹಿ’ ಬಿಟ್ಟು ಏನಿದೆ? (ತುರ್ತು, ಗುಂಡಿಗಳ ಪದವೂ ಬೇಕು)

ಎಸ್.ಎಂ. ಬರೆದದ್ದು:

ಎಲ್ಲರಿಗೂ ನಮಸ್ಕಾರ. ವೆಬ್‌ಸೈಟ್ ಕಟ್ಟುವವರ ಕೈಪಿಡಿಯೊಂದರ ಅನುವಾದ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಒಳಗಿನದೆಲ್ಲ ಮುಗಿದು ತಲೆಬರಹ ಒಂದೇ ಕೂತಿದೆ. ಮೂಲದ ತಿರುಳು: ಪ್ರೊಫೆಶನಲ್ ಆಗಿರುವ, ಯೂಸರ್ ಫ್ರೆಂಡ್ಲಿ ಆಗಿರುವ, ಬಂದವರು ಮತ್ತೆ ಮತ್ತೆ ಬರುವಂಥ ವೆಬ್‌ಸೈಟ್ ಮಾಡುವುದು. ಸದ್ಯಕ್ಕೆ ‘ವೃತ್ತಿಪರ, ಬಳಕೆದಾರಸ್ನೇಹಿ ಜಾಲತಾಣ ವಿನ್ಯಾಸ ಮತ್ತು ಮರಳುವ ಸಂದರ್ಶಕರು’ ಎಂದಿದೆ. ಓದಿದರೆ ಟೆಂಡರ್ ಪ್ರಕಟಣೆ ಓದಿದ ಹಾಗಾಗುತ್ತದೆ.

ಮಾದರಿ ಪುಟದ ಗುಂಡಿಗಳಿಗೂ ಪದ ಬೇಕು: ಸಬ್‌ಮಿಟ್, ಕ್ಯಾನ್ಸಲ್, ಸರ್ಚ್, ಲಾಗಿನ್. ಜೊತೆಗೆ ಕೇಳಿದ ಪುಟ ಸಿಗದಾಗ ಬರುವ 404 ಪುಟಕ್ಕೊಂದು ಸಾಲು, ‘ವೆಲ್‌ಕಮ್ ಬ್ಯಾಕ್’ಗೊಂದು ಮಾತು. ಗುಂಡಿಯ ಮೇಲೆ ಎರಡು ಪದ ಮೀರುವಂತಿಲ್ಲ.

ಕೆ.ಜಿ. ಬರೆದದ್ದು:

‘ಬಳಕೆದಾರಸ್ನೇಹಿ’ ಅರಿಸಮಾಸ. ಕೈಬಿಡಿ.

‘ಬಳಕೆ’ ಕನ್ನಡ, ‘ದಾರ’ ಫಾರಸಿ, ‘ಸ್ನೇಹಿ’ ಸಂಸ್ಕೃತ. ತುಪ್ಪಕ್ಕೆ ಎಣ್ಣೆ ಬೆರೆಸಬೇಡಿರೆಂದು ನಯಸೇನ 12ನೆಯ ಶತಮಾನದಲ್ಲೇ ಗೋಳಾಡಿದ್ದ. ಇಲ್ಲಿ ಮೂರನೆಯದೊಂದನ್ನೂ ಸುರಿದಿದ್ದೀರಿ. ಓದುಗ, ಕೇಳುಗ, ನೋಡುಗ ಇರುವಾಗ ‘ಬಳಸುಗ’ ಏಕಾಗಬಾರದು? ತಲೆಬರಹ: ‘ಬಳಸುಗರಿಗೆ ಒಗ್ಗುವ ಮಿಂದಾಣ’. ಮಿಂದಾಣ ಎಂದರೆ ಮಿಂಚಿನ ತಾಣ, ನಿಮ್ಮ ಜಾಲತಾಣವೇ.

ಪಿ.ಆರ್. ಬರೆದದ್ದು:

‘ಮಿಂದಾಣ’ ಎಂದರೆ ಜನ ಸ್ನಾನಘಟ್ಟ ಅಂದುಕೊಳ್ಳುತ್ತಾರೆ.

ಕೆ.ಜಿ. ಸರ್, ‘ದಾರ’ ಪ್ರತ್ಯಯ. ಪ್ರತ್ಯಯ ಹತ್ತಿದರೆ ಅದು ತದ್ಧಿತ, ಸಮಾಸವಲ್ಲ. ಪಾಲುದಾರ, ಗುತ್ತಿಗೆದಾರ, ಬಾಡಿಗೆದಾರ ಇವರನ್ನೆಲ್ಲ ಮನೆಯಿಂದ ಹೊರಹಾಕುತ್ತೀರಾ? ‘ಬಳಕೆದಾರ’ ಇರಲಿ. ತಕರಾರು ಇರುವುದು ‘ಸ್ನೇಹಿ’ಯ ಮೇಲೆ, ಅದೂ ಸಮಾಸದ ಕಾರಣಕ್ಕಲ್ಲ, ಅರ್ಥದ ಕಾರಣಕ್ಕೆ. ಕನ್ನಡದಲ್ಲಿ ಸ್ನೇಹ ಮಾಡುವವನು ಮನುಷ್ಯ, ಹೆಚ್ಚೆಂದರೆ ನಾಯಿ. ಚಾಕು ನಮಗೆ ‘ಸ್ನೇಹಿ’ ಆಗುವುದಿಲ್ಲ, ಕೈಗೆ ಒಗ್ಗುತ್ತದೆ. ಹಾಗಾಗಿ ‘ಒಗ್ಗುವ’ ಎಂಬಷ್ಟಕ್ಕೆ ನನ್ನ ಸಹಮತವಿದೆ.

‘ವೃತ್ತಿಪರ’ವೂ ತಪ್ಪು ಜಾಗದಲ್ಲಿದೆ. ವೃತ್ತಿಪರರಾಗಬಹುದಾದವರು ಅದನ್ನು ಕಟ್ಟಿದವರು, ಸೈಟ್ ಅಲ್ಲ. ಸೈಟಿಗೆ ‘ಅಚ್ಚುಕಟ್ಟು’ ಸಾಕು.

ಕೆ.ಜಿ. ಬರೆದದ್ದು:

ಅಚ್ಚುಕಟ್ಟು ನೀರಾವರಿಯವರ ಪದ. ಕಾಲುವೆ ನೀರು ಹರಿಯುವ ಜಮೀನು.

ಪಿ.ಆರ್. ಬರೆದದ್ದು:

ಅದೂ ಹೌದು, ಇದೂ ಹೌದು. ಅಚ್ಚುಕಟ್ಟಾದ ಮನೆ ಎಂದಾಗ ಯಾರೂ ಕಾಲುವೆ ಹುಡುಕುವುದಿಲ್ಲ.

ಡಿ.ವಿ. ಬರೆದದ್ದು:

ತಲೆಬರಹ ಆಮೇಲೆ ನೋಡೋಣ. ಕೈಪಿಡಿಯನ್ನು ನೋಡಿಕೊಂಡು ಕೆಲಸ ಮಾಡುವವರು ಮೊದಲು ನಕಲು ಮಾಡುವುದು ಗುಂಡಿಗಳನ್ನು, ಅಲ್ಲಿ ತಪ್ಪಿದರೆ ತಪ್ಪು ಊರೆಲ್ಲ ಹರಡುತ್ತದೆ.

ಗುಂಡಿಯ ಮೇಲಿರುವ ಮಾತು ಯಾರದ್ದು ಎಂದು ಮೊದಲು ತೀರ್ಮಾನಿಸಿ. ಒತ್ತುವವರು ಯಂತ್ರಕ್ಕೆ ಹೇಳುವ ಮಾತಾದರೆ ಕಳುಹಿಸು, ಹುಡುಕು, ಅಳಿಸು. ಪುಟವು ಒತ್ತುವವರಿಗೆ ಹೇಳುವ ಮಾತಾದರೆ ಕಳುಹಿಸಿ, ಹುಡುಕಿ, ಅಳಿಸಿ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ರೂಪ, ಅದಕ್ಕೇ ಅನುವಾದಕರಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ನನ್ನ ಮತ: ಗುಂಡಿಗಳೆಲ್ಲ ಏಕವಚನ; ಸೂಚನೆ, ಸುಳಿವು, ದೋಷದ ಸಂದೇಶ ಎಲ್ಲ ಬಹುವಚನ. ‘ಹೆಸರು ಬರೆಯಿರಿ’ ಎಂದು ಪುಟ ನಮಗೆ ಹೇಳುತ್ತದೆ, ‘ಉಳಿಸು’ ಎಂದು ನಾವು ಯಂತ್ರಕ್ಕೆ ಹೇಳುತ್ತೇವೆ. ಬಹುವಚನವೇ ಬೇಕೆಂದರೆ ಎಲ್ಲ ಕಡೆ ಅದನ್ನೇ ಇಡಿ. ಒಂದೇ ಪೆಟ್ಟಿಗೆಯಲ್ಲಿ ‘ಉಳಿಸು’ ಪಕ್ಕ ‘ಅಳಿಸಿ’ ಬಂದರೆ ಒಂದು ಅಪ್ಪಣೆಯಂತೆ, ಇನ್ನೊಂದು ವಿನಂತಿಯಂತೆ ಓದಿಸಿಕೊಳ್ಳುತ್ತದೆ.

‘ಸಬ್‌ಮಿಟ್’ಗೆ ಒಂದೇ ಪದ ಹುಡುಕಬೇಡಿ. ಅರ್ಜಿಯಾದರೆ ‘ಸಲ್ಲಿಸು’, ಪತ್ರವಾದರೆ ‘ಕಳುಹಿಸು’, ದುಡ್ಡಾದರೆ ‘ಹಣ ಪಾವತಿಸು’. ಒತ್ತಿದ ಮೇಲೆ ಏನಾಗುತ್ತದೋ ಅದೇ ಗುಂಡಿಯ ಹೆಸರು.

‘ಕ್ಯಾನ್ಸಲ್’ ಇನ್ನೂ ಅಪಾಯ. ‘ಆರ್ಡರ್ ರದ್ದು ಮಾಡಬೇಕೆ?’ ಎಂಬ ಪ್ರಶ್ನೆ, ಕೆಳಗೆ ‘ಸರಿ’, ‘ರದ್ದು’ ಎಂಬ ಎರಡು ಗುಂಡಿ. ಆರ್ಡರ್ ರದ್ದಾಗಬೇಕಾದರೆ ಯಾವುದನ್ನು ಒತ್ತಬೇಕು? ಅರ್ಧ ಜನ ‘ರದ್ದು’ ಒತ್ತಿ, ಕೆಲಸವಾಯಿತೆಂದು ಪುಟ ಮುಚ್ಚಿ ಹೋಗುತ್ತಾರೆ. ಆರ್ಡರ್ ಮಾತ್ರ ಹಾಗೇ ಇರುತ್ತದೆ. ‘ಆರ್ಡರ್ ರದ್ದುಮಾಡು’, ‘ಹಾಗೇ ಇರಲಿ’ ಎಂದು ಹಾಕಿ ನೋಡಿ, ಪ್ರಶ್ನೆ ಓದದಿದ್ದವರಿಗೂ ತಿಳಿಯುತ್ತದೆ.

404ಕ್ಕೆ ‘ಪುಟ ಕಂಡುಬಂದಿಲ್ಲ’ ಬೇಡ. ಅದು ಕಾಣೆಯಾದವರ ಪ್ರಕಟಣೆಯ ಭಾಷೆ. ‘ಈ ಪುಟ ಇಲ್ಲಿಲ್ಲ’ ಎಂದು ಹೇಳಿ, ಕೆಳಗೇ ಹುಡುಕುವ ಪೆಟ್ಟಿಗೆ ಕೊಡಿ. ಮಾತು ಕನ್ನಡದಲ್ಲಿದ್ದರೂ ಸರ್ವರ್ ಕಳಿಸುವ ಸಂಕೇತ 404 ಆಗಿಯೇ ಇರಬೇಕು. ಚಂದದ ಪುಟ ಮಾಡಿ ‘ಎಲ್ಲ ಸರಿಯಿದೆ’ ಎನ್ನುವ 200 ಕಳಿಸಿದರೆ ಹುಡುಕುಯಂತ್ರಗಳು ಅದನ್ನೂ ಒಂದು ಲೇಖನವೆಂದು ಎಣಿಸುತ್ತವೆ. ಪುಟದ ವಿಳಾಸ ಬದಲಾಗಿದ್ದರಂತೂ ಈ ಸಾಲೇ ಬೇಡ, ‘ವಿಳಾಸ ಬದಲಾಗಿದೆ’ ಎನ್ನುವ 301 ಹಾಕಿ ಹೊಸ ಜಾಗಕ್ಕೆ ಕಳಿಸಿ. ಉಳಿಸಿಟ್ಟುಕೊಂಡ ಕೊಂಡಿ ಸತ್ತಿದೆ ಎಂದು ಗೊತ್ತಾದವರು ಮತ್ತೆ ಬರುವುದು ಅಪರೂಪ.

ಪಿ.ಆರ್. ಬರೆದದ್ದು:

ಏಕವಚನಕ್ಕೆ ನನ್ನ ವಿರೋಧ. ‘ಇದು ನಾನು ಯಂತ್ರಕ್ಕೆ ಹೇಳುವ ಮಾತು’ ಎಂಬ ತತ್ವ ಓದುವವರಿಗೆ ಗೊತ್ತಿರುವುದಿಲ್ಲ. ‘ಹುಡುಕು’ ಎಂದರೆ ಯಾರೋ ತಮ್ಮನ್ನೇ ಗದರಿದಂತೆ ಕೇಳುತ್ತದೆ.

ಡಿ.ವಿ. ಬರೆದದ್ದು:

ಹಾಗಾದರೆ ಬಹುವಚನ ಇಡಿ. ಬೆರಕೆ ಬೇಡ ಎಂದಷ್ಟೇ ನನ್ನ ಹಟ.

ಎಸ್.ಎಂ. ಬರೆದದ್ದು:

ಗುಂಡಿಗಳ ಮಟ್ಟಿಗೆ ದಾರಿ ಸಿಕ್ಕಿತು. ‘ವಿಸಿಟರ್’, ‘ವೆಲ್‌ಕಮ್ ಬ್ಯಾಕ್’ ಎರಡಕ್ಕೂ ಯಾರಾದರೂ ಹೇಳಿ. ಸಂದರ್ಶಕ, ವೀಕ್ಷಕ, ಅತಿಥಿ ಮೂರೂ ಪಟ್ಟಿಯಲ್ಲಿವೆ.

ಕೆ.ಜಿ. ಬರೆದದ್ದು:

‘ಅತಿಥಿ’ ಆಗದು. ತಿಥಿ ಗೊತ್ತುಮಾಡದೆ ಬರುವವನು ಅತಿಥಿ. ಪದೇ ಪದೇ ಬರುವವನು ಅತಿಥಿ ಹೇಗಾದಾನು?

ಎನ್.ಬಿ. ಬರೆದದ್ದು:

‘ಅ’ ಸೇರಿಸಿ ‘ತಿಥಿ’ ಒಡೆಯುವುದು ಹಳೆಯ ಪಂಡಿತರ ಚಮತ್ಕಾರ. ‘ಅತ್’ ಧಾತುವಿಗೆ ಸಂಚರಿಸು ಎಂಬ ಅರ್ಥವಿದೆ, ಅದರಿಂದ ಬಂದದ್ದು ಎನ್ನುವ ದಾರಿಯೂ ಇದೆ. ಅಲೆಯುತ್ತ ಬರುವವನೇ ಅತಿಥಿ. ಹಾಗೆ ನೋಡಿದರೆ ಕೊಂಡಿಯಿಂದ ಕೊಂಡಿಗೆ ಹಾರುವವರಿಗೆ ಅದಕ್ಕಿಂತ ಒಳ್ಳೆಯ ಪದವಿಲ್ಲ.

ಆದರೂ ಬಳಸಬೇಡಿ, ಬೇರೆ ಕಾರಣಕ್ಕೆ. ಲಾಗಿನ್ ಆಗದೆ ಒಳಬಂದವರನ್ನು ಅನೇಕ ಸೈಟುಗಳು ‘ಅತಿಥಿ’ ಎಂದೇ ತೋರಿಸುತ್ತವೆ, ಗೊಂದಲವಾಗುತ್ತದೆ. ‘ಸಂದರ್ಶಕ’ ಎಂದರೆ ಈಗ ಸಂದರ್ಶನ ಮಾಡುವವನು. ‘ಬಂದವರು’ ಎಂಬ ಪದಕ್ಕೆ ಏನಾಗಿದೆ?

‘ವೆಲ್‌ಕಮ್ ಬ್ಯಾಕ್’ಗೆ ‘ಮರಳಿ ಸ್ವಾಗತ’ ಎಂದು ಬರೆದರೆ ಸ್ವಾಗತವೇ ಎಲ್ಲಿಗೋ ಹೋಗಿ ವಾಪಸ್ ಬಂದಂತಾಗುತ್ತದೆ. ‘ಬನ್ನಿ’ ಸಾಕು. ಮುಂದೆ ಹೆಸರು ಬರುವುದಾದರೆ ಎಚ್ಚರ: ಡೆವಲಪರುಗಳು ಹೆಸರಿನ ಬಾಲಕ್ಕೆ ‘ಗೆ’ ಅಂಟಿಸುತ್ತಾರೆ. ‘ರವಿಗೆ’ ಸರಿಯಾಗಿ ಬರುತ್ತದೆ, ಅದನ್ನು ನೋಡಿ ಪರೀಕ್ಷೆ ಮುಗಿಯಿತೆನ್ನುತ್ತಾರೆ. ಆಮೇಲೆ ‘ಸುರೇಶಗೆ’, ‘ಕಿರಣ್ಗೆ’ ಹೊರಬೀಳುತ್ತವೆ. ಹೆಸರನ್ನು ಬಿಡಿಯಾಗಿಟ್ಟು ‘ಅವರಿಗೆ’, ‘ಅವರ’, ‘ಅವರಿಂದ’ ಸೇರಿಸಿದರೆ ಯಾವ ಹೆಸರಿಗೂ ಹೊಂದುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಕೆ.ಜಿ. ಬರೆದದ್ದು:

‘ಲಾಗಿನ್’ ಎಂದು ಎಷ್ಟು ಸಲೀಸಾಗಿ ಬರೆಯುತ್ತೀರಿ! ‘ಒಳಬನ್ನಿ’ ಎನ್ನಲು ನಾಲಿಗೆ ತಿರುಗದೆ? ಹೀಗೆ ಒಂದೊಂದೇ ಬಿಟ್ಟುಕೊಟ್ಟು ಕೊನೆಗೆ ವಿಭಕ್ತಿ ಪ್ರತ್ಯಯಗಳು ಮಾತ್ರ ಕನ್ನಡದಲ್ಲಿ ಉಳಿಯುತ್ತವೆ.

ಡಿ.ವಿ. ಬರೆದದ್ದು:

‘ಒಳಬನ್ನಿ’ ಚೆನ್ನಾಗಿದೆ. ‘ಲಾಗೌಟ್’ಗೆ ‘ಹೊರಹೋಗಿ’ ಎನ್ನುತ್ತೀರಾ? ಕಾವಲುಗಾರ ಕತ್ತು ಹಿಡಿದು ದಬ್ಬಿದಂತಿದೆ. ಜೋಡಿ ಪದಗಳನ್ನು ಜೋಡಿಯಾಗಿಯೇ ಹೊಸೆಯಬೇಕು. ಒಂದು ಕೂತು ಇನ್ನೊಂದು ಕೂರದಿದ್ದರೆ ಎರಡನ್ನೂ ಬಿಡಿ.

ಎರವಲು ಬೇಡ ಎನ್ನಲು ನಿಮಗಿಂತ ಗಟ್ಟಿ ಕಾರಣ ನಾನೇ ಕೊಡುತ್ತೇನೆ ಕೇಳಿ. ‘ವೆಬ್‌ಸೈಟ್’, ‘ವೆಬ್ಸೈಟ್’, ‘ವೆಬ್ ಸೈಟ್’ ಎಂದು ಮೂರು ಬಗೆಯಲ್ಲಿ ಬರೆಯುತ್ತಾರೆ. ಮೊದಲನೆಯದರಲ್ಲಿ ‘ಬ್’ ಆದಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿದೆ, ಕಂಪ್ಯೂಟರು ಅಕ್ಷರಗಳಿಗೆ ಕೊಡುವ ಸಂಖ್ಯೆಗಳ ಪಟ್ಟಿಯಾದ ಯೂನಿಕೋಡಿನಲ್ಲಿ ಅದರ ಸಂಖ್ಯೆ 200ಸಿ. ಅದಿಲ್ಲದಿದ್ದರೆ ‘ಸ’ ಒತ್ತಾಗಿ ಕೆಳಗಿಳಿಯುತ್ತದೆ. ಸೈಟಿನೊಳಗಿನ ಹುಡುಕಾಟಕ್ಕೆ ಇವು ಮೂರು ಬೇರೆ ಬೇರೆ ಪದ. ಒಬ್ಬರು ಒಂದು ಬಗೆಯಲ್ಲಿ ಬರೆದ ಲೇಖನ ಇನ್ನೊಂದು ಬಗೆಯಲ್ಲಿ ಹುಡುಕಿದವರಿಗೆ ಸಿಗುವುದಿಲ್ಲ, ‘ಏನೂ ಇಲ್ಲ’ ಎಂದುಕೊಂಡು ಹೋಗುತ್ತಾರೆ. ‘ತಾಣ’ಕ್ಕೆ ಈ ರೋಗವಿಲ್ಲ. ಪರಿಹಾರವೇನೋ ಸುಲಭ: ಹೋಲಿಸುವ ಮೊದಲು ಎರಡೂ ಕಡೆಯಿಂದ 200ಸಿಯನ್ನೂ ನಡುವಿನ ತೆರಪನ್ನೂ ತೆಗೆದುಬಿಡಬೇಕು. ಎಷ್ಟು ಜನ ತೆಗೆಯುತ್ತಾರೆ?

ಇನ್ನು ಎಸ್.ಎಂ. ಅವರು ಹೇಳಿದ ‘ಎರಡು ಪದ ಮೀರುವಂತಿಲ್ಲ’ ಎಂಬ ನಿಯಮ. ಅದು ಪದಗಳ ಲೆಕ್ಕವಲ್ಲ, ಪೆಟ್ಟಿಗೆಯ ಅಗಲದ ಲೆಕ್ಕ ಎಂದು ನನ್ನ ಗುಮಾನಿ. ‘ಸೈನ್ ಅಪ್’ ಎಂಬ ಇಂಗ್ಲಿಷ್ ಪದಗಳಿಗೆ ಅಳತೆ ತೆಗೆದ ಗುಂಡಿಗೆ ‘ನೋಂದಾಯಿಸಿಕೊಳ್ಳಿ’ ಹಿಡಿಸುವುದಿಲ್ಲ. ಅಗಲವನ್ನು ಕಟ್ಟಿಹಾಕದೆ ಎರಡು ಬದಿಗೆ 16 ಪಿಕ್ಸೆಲ್ ಒಳಜಾಗ ಬಿಟ್ಟು ಪದಕ್ಕೆ ತಕ್ಕಂತೆ ಹಿಗ್ಗಲು ಬಿಡಿ. ಎತ್ತರ 44ರಿಂದ 48 ಪಿಕ್ಸೆಲ್ ಇರಲಿ. ಜಾಲಪುಟ ಎಲ್ಲರಿಗೂ ಬಳಸಲು ಬರುವಂತೆ ಮಾಡುವ ಮಾರ್ಗಸೂಚಿ ಡಬ್ಲ್ಯೂಸಿಎಜಿ 2.2 ಕೇಳುವ ಕನಿಷ್ಠ 24, ಅಷ್ಟರಲ್ಲಿ ಹೆಬ್ಬೆರಳಿಗೆ ಪಕ್ಕದ್ದೂ ತಾಗುತ್ತದೆ.

ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.2 ಪಟ್ಟು ಇಟ್ಟ ಪುಟದಲ್ಲಿ ‘ರಾಷ್ಟ್ರ’ ಎಂದು ಬರೆದು ನೋಡಿ. ‘ಷ’ದ ಕೆಳಗೆ ‘ಟ’, ಅದರ ಬಳಿ ‘ರ’ದ ಒತ್ತು, ಅಷ್ಟೂ ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಕುತ್ತವೆ. ಪೆಟ್ಟಿಗೆ ಮೀರಿದ್ದನ್ನು ಬಚ್ಚಿಡುವ ಆದೇಶವೂ ಇದ್ದರೆ ಒತ್ತು ಪೂರ್ತಿ ಕತ್ತರಿಸಿಹೋಗುತ್ತದೆ. ಕನ್ನಡಕ್ಕೆ 1.6ಕ್ಕಿಂತ ಕೆಳಗೆ ಇಳಿಯಬೇಡಿ. ಕ್ಯಾಪಿಟಲ್ ಅಕ್ಷರಗಳಿಂದ ಶೀರ್ಷಿಕೆ ಎತ್ತಿ ತೋರಿಸುವ ಇಂಗ್ಲಿಷ್ ಉಪಾಯ ನಮ್ಮಲ್ಲಿ ನಡೆಯದು, ದಪ್ಪ ಮತ್ತು ಗಾತ್ರದಿಂದಲೇ ತೋರಿಸಬೇಕು. ತಿಳಿಬೂದು ಅಕ್ಷರ ಬೇಡ, ಹಿನ್ನೆಲೆಯೊಂದಿಗೆ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ಅಂತರ ಇರಬೇಕು.

ಹೆಸರು ತುಂಬುವ ಜಾಗಕ್ಕೆ ಮಿತಿ ಹಾಕುವಾಗಲೂ ಅಷ್ಟೆ. ‘ಸ್ತ್ರೀ’ ನಮಗೆ ಒಂದಕ್ಷರ, ಯೂನಿಕೋಡಿಗೆ 6 ಚಿಹ್ನೆ, ಅವನ್ನು ಉಳಿಸಿಡುವ ಯುಟಿಎಫ್-8 ಬಗೆಯಲ್ಲಿ 18 ಬೈಟ್. 20 ಬೈಟ್‌ಗೆ ಕತ್ತರಿಸುವ ಕೋಷ್ಟಕದಲ್ಲಿ ಎರಡನೆಯ ಅಕ್ಷರಕ್ಕೇ ಜಾಗವಿಲ್ಲ.

ಎನ್.ಬಿ. ಬರೆದದ್ದು:

ದೋಷದ ಸಂದೇಶಗಳನ್ನೂ ಒಮ್ಮೆ ನೋಡಿಬಿಡಿ, ಎಸ್.ಎಂ. ‘ಅಮಾನ್ಯ ನಮೂದು’ ಎಂದೇನಾದರೂ ಇದ್ದರೆ ತೆಗೆಯಿರಿ. ‘ಮಿಂಚಂಚೆ ವಿಳಾಸದಲ್ಲಿ @ ಇಲ್ಲ’ ಎಂದು ಆ ಪೆಟ್ಟಿಗೆಯ ಕೆಳಗೇ ಬರಬೇಕು, ಪುಟದ ತಲೆಯಲ್ಲಲ್ಲ. ತುಂಬಿದ್ದು ಅಳಿಸಿಹೋಗಲೂಬಾರದು.

ಕೆ.ಜಿ. ಬರೆದದ್ದು:

ಇದು ಪದಚರ್ಚೆಯೋ ಗಣಕ ತರಗತಿಯೋ? ‘ಬಳಸುಗ’ದ ಬಗ್ಗೆ ಯಾರೂ ಉತ್ತರಿಸಿಲ್ಲ.

ಎನ್.ಬಿ. ಬರೆದದ್ದು:

ಉತ್ತರ ಇದೆ. ‘ಬಳಸು’ಗೆ ಸುತ್ತಿ ಹೋಗು ಎಂಬ ಅರ್ಥವೂ ಇದೆ, ಬಳಸುದಾರಿ ಎನ್ನುವುದಿಲ್ಲವೇ? ಬೇಕಾದ ಪುಟ ಸಿಗದೆ ಆರು ಮೆನು ಸುತ್ತಿದವರನ್ನು ‘ಬಳಸುಗ’ ಎನ್ನಬಹುದು.

ಕೆ.ಜಿ. ಬರೆದದ್ದು:

ಗೇಲಿ ವಾದವಲ್ಲ.

ಎಸ್.ಎಂ. ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ಅಂತಿಮವಾಗಿ ಹೀಗೆ:

ತಲೆಬರಹ: ‘ಬಂದವರು ಮತ್ತೆ ಬರುವಂಥ ವೆಬ್‌ಸೈಟ್’. ಅಡಿಬರಹ: ‘ಅಚ್ಚುಕಟ್ಟಾಗಿ, ಕೈಗೆ ಒಗ್ಗುವಂತೆ ಕಟ್ಟುವ ಬಗೆ’. ‘ಬಳಕೆದಾರ’ ಒಳಪುಟಗಳಲ್ಲಿ ಉಳಿಯುತ್ತದೆ, ‘ಸ್ನೇಹಿ’ ಎಲ್ಲೂ ಇಲ್ಲ. ಗುಂಡಿಗಳು: ಸಲ್ಲಿಸಿ, ಹುಡುಕಿ, ಲಾಗಿನ್ ಆಗಿ, ಹಣ ಪಾವತಿಸಿ, ಆರ್ಡರ್ ರದ್ದುಮಾಡು, ಹಾಗೇ ಇರಲಿ. 404ಕ್ಕೆ ‘ಈ ಪುಟ ಇಲ್ಲಿಲ್ಲ’. ಸ್ವಾಗತಕ್ಕೆ ‘ಬನ್ನಿ’.

ಡಿ.ವಿ. ಬರೆದದ್ದು:

ಐದನೆಯದು ನೋಡಿ.

ಎಸ್.ಎಂ. ಬರೆದದ್ದು:

ರದ್ದುಮಾಡಿ. ತಿದ್ದಿದೆ.