ರಾತ್ರಿ ನಡಿಗೆಗೆ ಎಂಥ ಬ್ಯಾಟರಿ ಹಿಡಿಯಬೇಕು? ನೇತ್ರವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಶಿಕ್ಷಕರು, ನವನಗರ, ಬಾಗಲಕೋಟೆ):

ಡಾಕ್ಟರ್ ಸಾಹೇಬರಿಗೆ ಶರಣು ಶರಣಾರ್ಥಿ. ಕಣ್ಣಿನ ವೈದ್ಯರ ಮುಂದೆ ಬ್ಯಾಟರಿಯ ಪ್ರಶ್ನೆ ಇಡುವುದು ಸರಿಯೋ ತಪ್ಪೋ ತಿಳಿಯದು. ಆದರೆ ಬ್ಯಾಟರಿ ಕೊಂಡ ಮೇಲೆ ನನ್ನ ಕಣ್ಣೇ ಮಂದವಾಯಿತೇನೋ ಎಂಬ ಅನುಮಾನ ಹುಟ್ಟಿರುವುದರಿಂದ ಕೇಳುತ್ತಿದ್ದೇನೆ. ನನಗೆ ವಯಸ್ಸು ಐವತ್ತೆಂಟು, ಎರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಸಂಜೆ ಏಳು ಗಂಟೆಯಾದರೂ ಡಾಂಬರು ಕಾವು ಉಗುಳುತ್ತಲೇ ಇರುತ್ತದೆಂದು ರಾತ್ರಿ ಊಟವಾದ ಮೇಲೆ ನಡೆಯುವ ರೂಢಿ ಬಿದ್ದಿದೆ. ಸೆಕ್ಟರುಗಳ ಒಳಗೆ ಬೀದಿದೀಪಗಳಿವೆ, ಹೊರಗಿನ ರಸ್ತೆಗೆ ಬಿದ್ದೊಡನೆ ಕತ್ತಲೆ. ಮಗ ಆನ್‌ಲೈನಿನಲ್ಲಿ ‘10,000 ಲ್ಯೂಮೆನ್’ (ದೀಪ ಹೊರಚೆಲ್ಲುವ ಒಟ್ಟು ಬೆಳಕಿನ ಅಳತೆ) ಎಂದು ಬರೆದಿರುವ ಬ್ಯಾಟರಿ ತರಿಸಿಕೊಟ್ಟಿದ್ದಾನೆ. ಹಚ್ಚಿದರೆ ಹಾದಿ ಹಗಲಾದಂತೆ ಕಾಣುತ್ತದೆ, ಆರಿಸಿದರೆ ಬಹಳ ಹೊತ್ತು ಕಾಲಬುಡದ ಗುಂಡಿಯೂ ಕಾಣುವುದಿಲ್ಲ. ಹೋದ ವಾರ ಎದುರಿನಿಂದ ಬಂದ ಬೈಕಿನವರು ಗಾಡಿ ನಿಲ್ಲಿಸಿ, ಕಣ್ಣಿಗೆ ಬೆಳಕು ಬಿಟ್ಟಿರೆಂದು ಬೈದು ಹೋದರು. ಇನ್ನೂ ದೊಡ್ಡ ಬ್ಯಾಟರಿ ಬೇಕೋ, ಹಣೆಗೆ ಕಟ್ಟುವ ದೀಪ ಒಳ್ಳೆಯದೋ, ದಯವಿಟ್ಟು ತಿಳಿಸಿರಿ.

ಉತ್ತರ (ನೇತ್ರವೈದ್ಯರು):

ಗುರುಗಳೇ, ಶರಣು. ಪ್ರಶ್ನೆ ಸರಿಯಾದ ಕಡೆಗೇ ಬಂದಿದೆ, ಏಕೆಂದರೆ ನೀವು ಹೇಳುವ ತೊಂದರೆ ಬ್ಯಾಟರಿಯದಕ್ಕಿಂತ ಕಣ್ಣಿನದು. ನಿಮಗೆ ಬೇಕಾಗಿರುವುದು ದೊಡ್ಡ ಬ್ಯಾಟರಿಯಲ್ಲ, ಚಿಕ್ಕದು.

ನಮ್ಮ ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲದಲ್ಲಿ ಬೆಳಕು ಹಿಡಿಯುವ ಕೋಶಗಳು ಎರಡು ಬಗೆಯವು. ಹಗಲಿಗೂ ಬಣ್ಣಕ್ಕೂ ಶಂಕುಕೋಶಗಳು, ಮಬ್ಬುಗತ್ತಲೆಗೆ ದಂಡಕೋಶಗಳು. ಬೆಳಕಿನಿಂದ ಕತ್ತಲೆಗೆ ಬಂದಾಗ ಶಂಕುಕೋಶಗಳು ಹತ್ತು ನಿಮಿಷದೊಳಗೆ ತಮ್ಮ ಕೈಲಾದಷ್ಟು ಹೊಂದಿಕೊಳ್ಳುತ್ತವೆ. ದಂಡಕೋಶಗಳಲ್ಲಿ ಬೆಳಕಿಗೆ ಕರಗಿಹೋದ ವರ್ಣದ್ರವ್ಯ ಮತ್ತೆ ಕೂಡಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕಾಗುತ್ತದೆ, ವಯಸ್ಸಾದವರಿಗೆ ಇನ್ನೂ ಹೆಚ್ಚು. ನೀವು ಮನೆಯಿಂದ ಹೊರಟು ಅರ್ಧ ತಾಸು ನಡೆದು, ಕಣ್ಣು ಕತ್ತಲೆಗೆ ಪಳಗಿದ ಹೊತ್ತಿಗೆ ಆ ಬ್ಯಾಟರಿಯನ್ನು ಒಮ್ಮೆ ಹಚ್ಚಿದಿರಿ ಎಂದರೆ ಅರ್ಧ ತಾಸಿನ ಗಳಿಕೆ ಒಂದೇ ಗಳಿಗೆಯಲ್ಲಿ ಕರಗಿತು. ಅದರಿಂದ ಕಣ್ಣು ಕೆಡುವುದಿಲ್ಲ, ಆ ಭಯ ಬೇಡ. ಆದರೆ ಹಚ್ಚಿ ಆರಿಸಿ, ಹಚ್ಚಿ ಆರಿಸಿ ನಡೆಯುವವರಿಗೆ ಕಣ್ಣು ಬೆಳಕಿಗೂ ಒಗ್ಗುವುದಿಲ್ಲ, ಕತ್ತಲೆಗೂ ಒಗ್ಗುವುದಿಲ್ಲ.

ಆದ್ದರಿಂದ 50ರಿಂದ 150 ಲ್ಯೂಮೆನ್ ಬೆಳಕನ್ನು ಸತತವಾಗಿ ಹಚ್ಚಿಟ್ಟುಕೊಂಡು ನಡೆಯುವುದು ಮೇಲು. ಡಬ್ಬಿಯ ಮೇಲೆ ‘ಇಷ್ಟು ಮೀಟರ್ ದೂರ’ ಎಂದು ಬರೆದಿರುತ್ತದೆಯಲ್ಲ, ಅದನ್ನು ನೋಡಿಯೂ ಹಿಗ್ಗಬೇಡಿರಿ. ಬೆಳಕು 0.25 ಲಕ್ಸ್‌ಗೆ ಇಳಿಯುವ ದೂರವನ್ನು ಹಾಗೆ ಬರೆಯುವ ಪದ್ಧತಿ ಇದೆ. ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟು. 200 ಮೀಟರ್ ಎಂದು ಬರೆದಿದ್ದರೆ ಅಲ್ಲಿ ಬೀಳುವುದು ಬೆಳದಿಂಗಳೇ ಹೊರತು ಅಲ್ಲಿನ ಕಲ್ಲು ನಿಮಗೆ ಕಂಡೀತೆಂಬ ಭರವಸೆಯಲ್ಲ. ನಡೆಯುವವರಿಗೆ ಬೇಕಾದದ್ದು ಮುಂದಿನ ಮೂರು-ನಾಲ್ಕು ಮೀಟರ್ ನೆಲ.

ಹಣೆದೀಪದ ವಿಷಯದಲ್ಲಿ ನನ್ನದೇ ಒಂದು ಫಜೀತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ಕಬ್ಬಿನ ಹಂಗಾಮಿನಲ್ಲಿ, ಹಣೆಗೆ ದೀಪ ಕಟ್ಟಿಕೊಂಡು ಜೋರಾಗಿ ನಡೆಯುತ್ತಿದ್ದವನು ಟ್ರೇಲರಿನಿಂದ ಬಿದ್ದಿದ್ದ ಜಲ್ಲೆಯ ಮೇಲೆ ಕಾಲಿಟ್ಟೆ. ಜಲ್ಲೆ ಉರುಳಿತು, ನಾನೂ ಉರುಳಿದೆ, ಮೊಣಕೈ ತರಚಿತು. ಬೆಳಕು ಸಾಲದೆ ಬಿದ್ದವನಲ್ಲ ನಾನು, ಜಲ್ಲೆಯ ಮೇಲೆ ಬೆಳಕು ಚೆಲ್ಲಿತ್ತು. ಆದರೆ ಹಣೆಯ ದೀಪ ಕಣ್ಣಿನ ಪಕ್ಕದಲ್ಲೇ ಇರುವುದರಿಂದ ಪ್ರತಿ ವಸ್ತುವಿನ ನೆರಳೂ ಅದರ ಹಿಂದೆಯೇ ಅಡಗುತ್ತದೆ. ನೆರಳಿಲ್ಲದ ಉಬ್ಬುತಗ್ಗು ಗೋಡೆಯ ಮೇಲಿನ ಚಿತ್ರದಂತೆ ಚಪ್ಪಟೆಯಾಗಿ ಕಾಣುತ್ತದೆ. ಅದೇ ದೀಪವನ್ನು ಸೊಂಟದ ಮಟ್ಟದಲ್ಲಿ ಹಿಡಿದರೆ ಬೆಳಕು ಓರೆಯಾಗಿ ಬಿದ್ದು, ಚಿಕ್ಕ ಹರಳಿಗೂ ಉದ್ದನೆಯ ನೆರಳು ಹುಟ್ಟುತ್ತದೆ. ನಂಬಿಕೆ ಬಾರದಿದ್ದರೆ ಈ ಹೊತ್ತು ಅಂಗಳದ ದೀಪ ಆರಿಸಿ, ನೆಲದ ಮೇಲೊಂದು ಕಬ್ಬಿನ ತುಂಡು ಇಟ್ಟು, ಬ್ಯಾಟರಿಯನ್ನು ಮೊದಲು ಹಣೆಯ ಹತ್ತಿರ, ಆಮೇಲೆ ಸೊಂಟದ ಹತ್ತಿರ ಹಿಡಿದು ನೋಡಿರಿ. ಕೈ ಕೆಳಗಿಳಿದರೆ ಎದುರಿನ ಸವಾರರ ಕಣ್ಣಿಗೂ ಬೆಳಕು ಬಡಿಯುವುದಿಲ್ಲ. ಬೈದವರ ಮೇಲೆ ಸಿಟ್ಟಾಗಬೇಡಿರಿ, ಆ ಕ್ಷಣಕ್ಕೆ ಅವರಿಗೆ ರಸ್ತೆಯೂ ಕಂಡಿರಲಿಕ್ಕಿಲ್ಲ, ನೀವೂ ಕಂಡಿರಲಿಕ್ಕಿಲ್ಲ.

ಪ್ರಶ್ನೆ (ಮುಧೋಳ ತಾಲ್ಲೂಕಿನ ಯುವಕ):

ಸರ್, ನಾನು ಪೊಲೀಸ್ ನೇಮಕಾತಿಯ 1600 ಮೀಟರ್ ಓಟಕ್ಕೆ ತಯಾರಿ ನಡೆಸಿದ್ದೇನೆ. ಊರಲ್ಲಿ ಮೈದಾನವಿಲ್ಲದ್ದರಿಂದ ನಸುಕಿನ ನಾಲ್ಕೂವರೆಗೆ ಐದಾರು ಗೆಳೆಯರು ಡಾಂಬರು ರಸ್ತೆಯ ಮೇಲೆಯೇ ಓಡುತ್ತೇವೆ. ಓಡುವಾಗ ಕೈಯಲ್ಲಿನ ಬೆಳಕು ಕುಣಿಯುತ್ತದೆ, ಭುಜ ಬಿಗಿಯುತ್ತದೆ. ಹೊಳೆಯುವ ಹಸಿರು ಟೀಶರ್ಟ್ ಹಾಕಿರುತ್ತೇವೆ, ಅಷ್ಟು ಸಾಕಲ್ಲವೇ?

ಉತ್ತರ:

ತಮ್ಮಾ, ಸಾಲದು. ಆ ಹೊಳೆಯುವ ಹಸಿರು ಬಿಸಿಲಿನಲ್ಲಿನ ಅತಿನೇರಳೆ ಕಿರಣಗಳನ್ನು ಹೀರಿ ಬೆಳಕಾಗಿ ಹೊರಬಿಡುವುದರಿಂದ ಹಗಲಿಗೆ ಎದ್ದು ಕಾಣುತ್ತದೆ. ರಾತ್ರಿ ಆ ಕಿರಣಗಳೇ ಇಲ್ಲದಿರುವಾಗ ಅದೂ ಒಂದು ತಿಳಿಬಣ್ಣದ ಅಂಗಿ, ಅಷ್ಟೇ. ಕತ್ತಲೆಗೆ ಬೇಕಾದದ್ದು ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸುವ ಪ್ರತಿಫಲಕ ಪಟ್ಟಿ. ಅದನ್ನು ಎದೆಗಿಂತ ಮೊದಲು ಎರಡೂ ಕಣಕಾಲಿಗೆ ಸುತ್ತಿಕೊಳ್ಳಿರಿ. ಎದೆಯ ಮೇಲಿನ ಒಂದು ಪಟ್ಟಿಯನ್ನು ಚಾಲಕರು ಮೈಲುಗಲ್ಲೋ ಬೇಲಿಯ ತಗಡೋ ಎಂದುಕೊಳ್ಳಬಹುದು. ಮೇಲೆ ಕೆಳಗೆ ಆಡುವ ಎರಡು ಪಟ್ಟಿಗಳನ್ನು ಕಂಡರೆ ಇದು ಮನುಷ್ಯನ ಕಾಲೆಂದು ಮಿದುಳು ತಟ್ಟನೆ ಗುರುತಿಸುತ್ತದೆ.

ಇದು ಏಕೆ ಮುಖ್ಯವೆಂಬುದಕ್ಕೆ ಚಿಕ್ಕ ಲೆಕ್ಕವೊಂದಿದೆ. ತಾಸಿಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಹದಿನಾರೂವರೆ ಮೀಟರಿಗಿಂತ ಹೆಚ್ಚು ಓಡುತ್ತದೆ. ಚಾಲಕ ನಿನ್ನನ್ನು ಗುರುತಿಸಿ ಬ್ರೇಕಿನ ಮೇಲೆ ಕಾಲಿಡಲು ಎರಡು ಸೆಕೆಂಡು ಹಿಡಿದರೆ ಬ್ರೇಕು ಹತ್ತುವ ಮೊದಲೇ ಗಾಡಿ 33 ಮೀಟರ್ ಮುಂದೆ ಬಂದಿರುತ್ತದೆ, ನಿಲ್ಲಲು ಮತ್ತೆ ಇಪ್ಪತ್ತು ಮೀಟರಾದರೂ ಬೇಕು. ಕಪ್ಪು ಟ್ರ್ಯಾಕ್‌ಪ್ಯಾಂಟಿನ ಹುಡುಗ ಡಿಪ್ ಲೈಟಿನಲ್ಲಿ ಅಷ್ಟು ದೂರಕ್ಕೆ ಕಾಣುವುದು ಕಷ್ಟ. ನಿನ್ನ ಕೈಯ ಬ್ಯಾಟರಿ ನಿನಗೆ ನೆಲ ತೋರಿಸಲು ಇರುವುದು, ನಿನ್ನನ್ನು ಲೋಕಕ್ಕೆ ತೋರಿಸಲು ಅಲ್ಲ. ಆ ಕೆಲಸಕ್ಕೆ ಪಟ್ಟಿ ಬೇಕು, ಬೆನ್ನ ಹಿಂದೆ ಸೈಕಲ್ಲಿಗೆ ಹಾಕುವಂಥ ಚಿಕ್ಕದೊಂದು ಕೆಂಪು ದೀಪ ಬೇಕು.

ಓಡುವ ಬದಿಯೂ ಅಷ್ಟೇ ಮುಖ್ಯ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಬಲಬದಿಗೆ, ಎದುರಿನ ವಾಹನಗಳಿಗೆ ಮುಖ ಮಾಡಿ, ಒಬ್ಬರ ಹಿಂದೆ ಒಬ್ಬರಾಗಿ ಓಡಿರಿ. ನಮ್ಮ ಭಾಗದಲ್ಲಿ ಹಂಗಾಮು ಶುರುವಾದರೆ ರಾತ್ರಿಯಿಡೀ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಾರ್ಖಾನೆಯ ಕಡೆ ಸಾಗುತ್ತಿರುತ್ತವೆ. ಎಷ್ಟೋ ಟ್ರೇಲರುಗಳ ಹಿಂಬದಿಗೆ ದೀಪವಿರುವುದಿಲ್ಲ, ಮುಂದಿನ ದೀಪಗಳಲ್ಲಿ ಒಂದು ಆರಿರುವುದೂ ಉಂಟು. ಒಂಟಿ ದೀಪ ಕಂಡರೆ ಬೈಕ್ ಎಂದು ತಿಳಿದು ಅಂಚಿನಲ್ಲೇ ಉಳಿಯಬೇಡಿರಿ, ಅದರ ಹಿಂದೆ ಟ್ರೇಲರಿನ ಆಚೀಚೆ ಮೊಳದಷ್ಟು ಕಬ್ಬು ಚಾಚಿಕೊಂಡಿರಬಹುದು. ಡಾಂಬರು ಬಿಟ್ಟು ಕೆಳಗಿಳಿದು ನಿಲ್ಲಿರಿ.

ಬೆಳಕು ಕುಣಿಯುವುದಕ್ಕೆ, ಎದೆಗೋ ಸೊಂಟದ ಪಟ್ಟಿಗೋ ಸಿಕ್ಕಿಸುವ 200 ಲ್ಯೂಮೆನ್ ಆಸುಪಾಸಿನ ದೀಪ ಸಾಕು. ಕೈಯಲ್ಲೇ ಹಿಡಿಯುವುದಾದರೆ ಮುಷ್ಟಿ ಬಿಗಿಯದಂತೆ ಪಟ್ಟಿ ಇರುವ ಹಗುರ ಬ್ಯಾಟರಿ ಕೊಂಡು, ಐದು ನಿಮಿಷಕ್ಕೊಮ್ಮೆ ಕೈ ಬದಲಿಸು. ವೇಗದ ಸುತ್ತುಗಳನ್ನು ಮಾತ್ರ ಬೆಳಕು ಹರಿದ ಮೇಲೆ ಇಟ್ಟುಕೊ.

ಪ್ರಶ್ನೆ (ಗೃಹಿಣಿ, ವಿದ್ಯಾಗಿರಿ):

ಡಾಕ್ಟರೇ, ನಾವು ಮೂವರು ಹೆಣ್ಣುಮಕ್ಕಳು ರಾತ್ರಿ ಒಂಬತ್ತರ ಸುಮಾರಿಗೆ ನಡೆಯುತ್ತೇವೆ. ಮೊಬೈಲಿನ ಟಾರ್ಚ್ ಇದ್ದೇ ಇದೆ, ಬೇರೆ ಬ್ಯಾಟರಿ ಏಕೆ ಬೇಕು? ನಾಯಿಗಳ ಮತ್ತು ಹಾವಿನ ಭಯವೂ ಇದೆ.

ಉತ್ತರ:

ಅಕ್ಕನವರೇ, ಮೊಬೈಲಿನ ಬೆಳಕು ಕೈ ಮುಂದಿನ ಬೀಗದ ತೂತು ಹುಡುಕಲು ಮಾಡಿದ್ದು. ಅದು ಸುತ್ತಲೂ ಚೆಲ್ಲುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಎಡವಿದರೆ ಮೊದಲು ಕೈಬಿಟ್ಟು ಹೋಗುವುದು ಮೊಬೈಲು, ಎಡವಿದ ಮೇಲೆ ಮೊದಲು ಬೇಕಾಗುವುದೂ ಅದೇ. ಅದನ್ನು ಕಿಸೆಯಲ್ಲಿಟ್ಟು 112ಕ್ಕೆ ಕರೆ ಮಾಡುವಷ್ಟು ಚಾರ್ಜ್ ಉಳಿಸಿಕೊಳ್ಳಿರಿ.

ನಾಯಿಯ ಕಣ್ಣಿಗೆ ನೇರವಾಗಿ ಬೆಳಕು ಬಿಡಬೇಡಿರಿ, ಅದು ಕೆರಳಬಹುದು. ದೂರದಲ್ಲಿ ಎರಡು ಹಸಿರು ಮಿಣುಕು ಕಂಡವೆಂದರೆ ಅಕ್ಷಿಪಟಲದ ಹಿಂದಿನ ಕನ್ನಡಿಯಂಥ ಪದರದಿಂದ ನಿಮ್ಮ ಬೆಳಕೇ ಮರಳುತ್ತಿದೆ ಎಂದು ತಿಳಿದು, ಬೆಳಕನ್ನು ನೆಲಕ್ಕಿಳಿಸಿ, ಓಡದೆ, ಮೆಲ್ಲಗೆ ಬದಿ ಬದಲಿಸಿರಿ.

ಹಾವಿನ ಮಾತು ಭಯ ಬೀಳಿಸಲು ಹೇಳುತ್ತಿಲ್ಲ. ಕೊಳಕುಮಂಡಲ, ಗರಗಸಮಂಡಲ, ಕಟ್ಟುಹಾವು ಈ ಮೂರೂ ಹೆಚ್ಚಾಗಿ ರಾತ್ರಿ ಸಂಚರಿಸುವಂಥವು. ಮಂಡಲದ ಹಾವುಗಳ ಮೈಬಣ್ಣ ಒಣ ಎಲೆ, ಮಣ್ಣಿನೊಳಗೆ ಬೆರೆತುಹೋಗುತ್ತದೆ. ಚಪ್ಪಲಿ ಬೇಡ, ಬೂಟು ಹಾಕಿಕೊಳ್ಳಿರಿ, ಬೆಳಕು ಕಾಲ ಮುಂದೆಯೇ ಇರಲಿ. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಆ ಕಾಲನ್ನು ಅಲ್ಲಾಡಿಸದೆ 108 ಕರೆಸಿ, ಪ್ರತಿವಿಷ ಇರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು.

ಪ್ರಶ್ನೆ (ಮಾಜಿ ಸೈನಿಕರು, ಗೋಕಾಕ ತಾಲ್ಲೂಕು):

ನಾವು ಸೇವೆಯಲ್ಲಿದ್ದಾಗ ರಾತ್ರಿ ನಕ್ಷೆ ಓದಲು ಕೆಂಪು ಬೆಳಕು ಬಳಸುತ್ತಿದ್ದೆವು, ಅದರಿಂದ ಕಣ್ಣಿನ ಪಳಗುವಿಕೆ ಕೆಡುವುದಿಲ್ಲ ಎನ್ನುತ್ತಿದ್ದರು. ನಡಿಗೆಗೂ ಅದನ್ನೇ ಹಿಡಿದರೆ ಹೇಗೆ?

ಉತ್ತರ:

ಸಾಹೇಬರೇ, ಅವರು ಹೇಳಿದ್ದು ನಿಜ. ದಂಡಕೋಶಗಳು ಸುಮಾರು 500 ನ್ಯಾನೋಮೀಟರ್ ಅಲೆಯುದ್ದದ ನೀಲಿಹಸಿರು ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತವೆ, ಗಾಢ ಕೆಂಪಿಗೆ ಬಹುಮಟ್ಟಿಗೆ ಕುರುಡು. ವಾಹನಗಳಿಲ್ಲದ ಹೊಲದ ದಾರಿಯಲ್ಲಿ ಧಾರಾಳವಾಗಿ ಹಿಡಿಯಿರಿ. ರಸ್ತೆಯ ಮೇಲೆ ಮಾತ್ರ ಬೇಡ, ಎದುರಿನವರಿಗೆ ಕೆಂಪು ಎಂದರೆ ಮುಂದೆ ಸಾಗುತ್ತಿರುವ ವಾಹನದ ಹಿಂಬದಿ. ನೀವು ಅವರ ಕಡೆಗೇ ಬರುತ್ತಿದ್ದೀರಿ ಎಂಬುದು ಅವರಿಗೆ ಹೊಳೆಯುವುದಿಲ್ಲ. ಕೆಂಪು ಬೆನ್ನಿಗಿರಲಿ, ಮುಂದಕ್ಕೆ ತುಸು ಹಳದಿ ಬೆರೆತ ಬಿಳಿ ಇರಲಿ.

ಪ್ರಶ್ನೆ (ಅರವತ್ತೈದರ ಹಿರಿಯರು, ಜಮಖಂಡಿ):

ನನಗೆ ಎದುರಿನ ಗಾಡಿಯ ದೀಪದ ಸುತ್ತ ಕಿರಣಗಳು ಚಕ್ರದಂತೆ ಹರಡಿ ಕಾಣುತ್ತವೆ. ಗಾಡಿ ದಾಟಿದ ಮೇಲೂ ಕೊಂಚ ಹೊತ್ತು ಏನೂ ಕಾಣದು. ಯಾವ ಬ್ಯಾಟರಿ ಕೊಳ್ಳಲಿ?

ಉತ್ತರ:

ಯಜಮಾನರೇ, ಬ್ಯಾಟರಿ ಆಮೇಲೆ, ಮೊದಲು ಕಣ್ಣಿನ ತಪಾಸಣೆ ಮಾಡಿಸಿರಿ. ನಿಮ್ಮ ಲಕ್ಷಣ ಮೋತಿಬಿಂದುವಿನ ಕಡೆಗೆ ಬೆರಳು ತೋರುತ್ತಿದೆ. ಮಸೂರ ಮಸುಕಾದಾಗ ಒಳಗೆ ಬಂದ ಬೆಳಕು ಚದುರುತ್ತದೆ, ಬೆಳಕು ಹೆಚ್ಚಿಸಿದಷ್ಟೂ ಚದುರುವುದೂ ಹೆಚ್ಚುತ್ತದೆ. ಕಾಯಿಲೆಯಿಲ್ಲದ ಅರವತ್ತರ ಕಣ್ಣಿನಲ್ಲೂ ಪಾಪೆ ಕಿರಿದಾಗಿ, ಮಸೂರ ಹಳದಿಯಾಗಿ, ಇಪ್ಪತ್ತರ ಹರೆಯದಲ್ಲಿ ಅಕ್ಷಿಪಟಲಕ್ಕೆ ತಲುಪುತ್ತಿದ್ದ ಬೆಳಕಿನ ಮೂರನೆಯ ಒಂದು ಪಾಲಷ್ಟೇ ತಲುಪುತ್ತದೆ. ತಪಾಸಣೆಯಾಗುವವರೆಗೆ ಬೀದಿದೀಪವಿರುವ ಬಡಾವಣೆಯೊಳಗೇ ನಡೆಯಿರಿ, ಗಾಡಿ ಬಂದಾಗ ದೀಪವನ್ನು ದಿಟ್ಟಿಸದೆ ರಸ್ತೆಯ ಅಂಚಿನತ್ತ ನೋಡಿರಿ. ಮೇಲೆ ಕೇಳಿದ ಗುರುಗಳಿಗೂ ಒಂದು ಮಾತು: ಸಕ್ಕರೆ ಕಾಯಿಲೆ ಇರುವವರು ಕಣ್ಣು ಎಷ್ಟೇ ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಅಕ್ಷಿಪಟಲ ತೋರಿಸಿಕೊಳ್ಳಲೇಬೇಕು.

ಮೊದಲ ಪ್ರಶ್ನೆ ಕೇಳಿದ ಶಿಕ್ಷಕರು:

ಅಂಗಳದಲ್ಲಿ ಕಬ್ಬಿನ ತುಂಡು ಇಟ್ಟು ನೋಡಿದೆ. ಹಣೆಯ ಹತ್ತಿರ ಹಿಡಿದಾಗ ನೆಲಕ್ಕೆ ಬಳಿದ ಬಣ್ಣದ ಗೆರೆಯಂತಿತ್ತು. ಸೊಂಟಕ್ಕೆ ಇಳಿಸಿದೊಡನೆ ಅದರ ನೆರಳು ಗೇಣುದ್ದ ಚಾಚಿತು, ಪಕ್ಕದಲ್ಲಿ ನನ್ನ ಹೆಂಡತಿ ಬೆಳಿಗ್ಗೆಯಿಂದ ಹುಡುಕುತ್ತಿದ್ದ ಬಟ್ಟೆಯ ಗುಂಡಿಯೂ ಸಿಕ್ಕಿತು. ತಪಾಸಣೆಗೂ ಈ ವಾರವೇ ಬರುತ್ತೇನೆ. ಮಗ ತರಿಸಿಕೊಟ್ಟ ಆ ಬ್ಯಾಟರಿಯಲ್ಲಿ ಬೆಳಕು ತಗ್ಗಿಸುವ ಗುಂಡಿ ಇದೆ, ಅದನ್ನೇ ಬಳಸಬಹುದೇ? ಒಳಗಿನ ಸೆಲ್ಲಿನ ಮೇಲೆ 9,800 ಎಂಎಎಚ್ (ಸೆಲ್ ಹಿಡಿದಿಡುವ ಚಾರ್ಜಿನ ಅಳತೆ) ಎಂದಿದೆ.

ಉತ್ತರ (ಈ ಪ್ರಶ್ನೋತ್ತರದ ಗುಂಪಿನ ಸದಸ್ಯರು, ಮೊಬೈಲ್ ರಿಪೇರಿ ಅಂಗಡಿಯವರು):

ಡಾಕ್ಟರ್ ಸಾಹೇಬರ ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ, ಇದು ನನ್ನ ಕಸುಬಿಗೆ ಸೇರಿದ್ದು. ಅದು 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ 18650 ಸೆಲ್ ಆಗಿದ್ದರೆ, ಒಳ್ಳೆಯ ತಯಾರಿಕೆಯದೂ ಸಾಮಾನ್ಯವಾಗಿ 3,500ರ ಆಸುಪಾಸಿಗೆ ನಿಲ್ಲುತ್ತದೆ. 9,800 ಎಂದು ಬರೆದವರು ‘10,000 ಲ್ಯೂಮೆನ್’ ಎಂಬುದನ್ನೂ ಅದೇ ಕೈಯಿಂದ ಬರೆದಿರುತ್ತಾರೆ. ಬೆಳಕು ತಗ್ಗಿಸಿ ಬಳಸಲು ಅಡ್ಡಿಯಿಲ್ಲ. ಆದರೆ ಚಾರ್ಜಿಗೆ ಹಾಕಿ ಮಲಗಬೇಡಿರಿ, ಸೆಲ್ ಉಬ್ಬಿದ್ದರೆ ಅಥವಾ ಮೇಲಿನ ಪ್ಲಾಸ್ಟಿಕ್ ಹರಿದಿದ್ದರೆ ಹಾಗೆಯೇ ತೆಗೆದು ಅಂಗಡಿಗೆ ತನ್ನಿರಿ, ಕಸದ ಬುಟ್ಟಿಗೆ ಒಗೆಯಬೇಡಿರಿ.