ಮೆಡಿಕಲ್ ಶಾಪ್ ಚೆನ್ನಾಗಿದೆಯಾ ಅಂತ ಅಳೆಯೋದು ಹೇಗೆ?

ಕುಮಟೆಯವಳು:
ನಮ್ಮ ಸ್ತ್ರೀಶಕ್ತಿ ಸಂಘದವರು ಸೇರಿ ಇಲ್ಲಿನ ಮೆಡಿಕಲ್ ಶಾಪ್‌ಗಳನ್ನು ನೋಡಿ ಒಂದು ವರದಿ ಮಾಡಬೇಕು ಅಂತಿದ್ದೇವೆ. ದೊಡ್ಡ ಆಸ್ಪತ್ರೆ ಅಂದರೆ ಮಣಿಪಾಲ ಇಲ್ಲವೇ ಹುಬ್ಬಳ್ಳಿ, ಹಾಗಾಗಿ ಜ್ವರ, ಕೆಮ್ಮು, ಮಗುವಿಗೆ ಭೇದಿ, ಏನೇ ಆದರೂ ಜನ ಮೊದಲು ಹೋಗುವುದು ಮೆಡಿಕಲ್‌ಗೇ. ಲೈಸೆನ್ಸ್, ಫ್ರಿಜ್, ಬಿಲ್ ಇವನ್ನೆಲ್ಲ ಪಟ್ಟಿ ಮಾಡಿಕೊಂಡಿದ್ದೇವೆ. ಇಷ್ಟು ಸಾಕಾ?

ಶಿರಸಿ ಫಾರ್ಮಸಿಸ್ಟ್:
ಸಾಕಾಗಲ್ಲ ಅಕ್ಕಾ. ಫ್ರಿಜ್ ಎಲ್ಲರ ಹತ್ತಿರ ಇರುತ್ತದೆ. ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋದರೆ ಏನು ಮಾಡುತ್ತೀರಿ ಅಂತ ಕೇಳಿ. ಶೆಡ್ಯೂಲ್ ಎಚ್1 ಔಷಧಿಗಳಿಗೆ (ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಕೆಲವು ಆ್ಯಂಟಿಬಯಾಟಿಕ್, ಕ್ಷಯದ ಔಷಧಿ ಇತ್ಯಾದಿ) 2014ರಿಂದ ಬೇರೆಯೇ ರಿಜಿಸ್ಟರ್ ಇಡಬೇಕು, ಅದನ್ನೂ ನೋಡಿ.

ಆದರೆ ಮುಖ್ಯವಾದದ್ದು ಕೌಂಟರ್‌ನಲ್ಲಿ ನಡೆಯುವ ಮಾತು. "ಜ್ವರಕ್ಕೆ ಗುಳಿಗೆ ಕೊಡಿ" ಅಂದವರಿಗೆ ಎಷ್ಟು ದಿನ ಆಯ್ತು, ಕಾಡಿಗೆ ಹೋಗಿದ್ರಾ, ಬೇರೆ ಏನು ಔಷಧಿ ತಗೊಳ್ತಿದ್ದೀರಿ ಅಂತ ಕೇಳ್ತಾರಾ? ಸಿದ್ದಾಪುರ, ಹೊನ್ನಾವರ ಕಡೆ ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ಇದೆ, ಡೆಂಗಿ ಎಲ್ಲ ಕಡೆ ಇದೆ. ಎರಡರಲ್ಲೂ ರಕ್ತಸ್ರಾವದ ಭಯ. ಏನೂ ಕೇಳದೆ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೇನ್‌ನಂಥ ನೋವಿನ ಗುಳಿಗೆ ಕೊಟ್ಟರೆ ರಕ್ತಸ್ರಾವ ಹೆಚ್ಚಾಗಿ ಜೀವಕ್ಕೇ ಕುತ್ತು ಬರಬಹುದು. ಪ್ಯಾರಾಸಿಟಮಾಲ್ ಅಷ್ಟೇ ಕೊಟ್ಟು, ಬೇಗ ರಕ್ತ ಪರೀಕ್ಷೆ ಮಾಡಿಸಿ ಅಂತ ಕಳಿಸುವ ಅಂಗಡಿಗೆ ನಾನಾದರೆ ಪೂರ್ತಿ ಅಂಕ ಕೊಡುತ್ತೇನೆ.

ಕಾರವಾರ ಪಬ್ಲಿಕ್ ಹೆಲ್ತ್:
ಸರ್ ಹೇಳಿದ್ದು ಸರಿ, ಆದರೆ ಪ್ರಶ್ನೆ ಹಿಡಿದುಕೊಂಡು ಹೋದರೆ ಎಲ್ಲರೂ ಸರಿಯಾದ ಉತ್ತರವನ್ನೇ ಹೇಳ್ತಾರೆ. ಅದಕ್ಕೇ ಬಡ ದೇಶಗಳಲ್ಲಿ ಇದನ್ನು ಅಳೆಯುವವರು ತರಬೇತಿ ಕೊಟ್ಟವರನ್ನು ಗಿರಾಕಿಗಳ ಹಾಗೆ ಕಳಿಸುತ್ತಾರೆ. ದೆಹಲಿ, ಮುಂಬೈ, ಪಟ್ನಾದ 622 ಅಂಗಡಿಗಳಲ್ಲಿ ಹೀಗೆ ಮಾಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಕ್ಷಯದ ಲಕ್ಷಣ ಹೇಳಿಕೊಂಡು ಹೋದಾಗ ಸರಿಯಾಗಿ ನಡೆದುಕೊಂಡದ್ದು, ಅಂದರೆ ಆ್ಯಂಟಿಬಯಾಟಿಕ್, ಸ್ಟೆರಾಯ್ಡ್ ಕೊಡದೆ ಡಾಕ್ಟರ ಹತ್ತಿರ ಕಳಿಸಿದ್ದು, ಶೇ 13ರಷ್ಟು ಮಾತ್ರ. ಕ್ಷಯ ಇದೆ ಅನ್ನುವ ಲ್ಯಾಬ್ ರಿಪೋರ್ಟ್ ತೋರಿಸಿದಾಗ ಅದು ಶೇ 62ಕ್ಕೆ ಏರಿತು. ಯಾರೂ ಕ್ಷಯದ ಔಷಧಿ ಕೈಗೆ ಕೊಡಲಿಲ್ಲ, ಅದು ಸಮಾಧಾನದ ವಿಷಯ ಅಲ್ವಾ?

ನೀವು ಮಗುವಿನ ಭೇದಿಯಿಂದ ಶುರು ಮಾಡಿ. ಮಗುವಿನ ವಯಸ್ಸು ಕೇಳಿದರಾ, ರಕ್ತ ಹೋಗ್ತಿದೆಯಾ ಅಂತ ಕೇಳಿದರಾ, ಓಆರ್‌ಎಸ್ ಜೊತೆ 14 ದಿನದ ಜಿಂಕ್ ಕೊಟ್ಟರಾ, ಇಲ್ಲ ಸುಮ್ನೆ ಆ್ಯಂಟಿಬಯಾಟಿಕ್ ಕೊಟ್ಟು ಕಳಿಸಿದರಾ? ಹೊರಗೆ ಬಂದ ಕೂಡಲೇ ಬರೆದಿಡಿ, ಆಮೇಲೆ ಅಂದರೆ ಮರೆತುಹೋಗುತ್ತದೆ. ವರದಿಯಲ್ಲಿ ಅಂಗಡಿ ಹೆಸರು ಬೇಡ.

ಕುಮಟೆಯವಳು:
ಒಂದು ಅಂಗಡಿಗೆ ಒಂದು ಸಲ ಹೋದರೆ ಸಾಕಾ?

ಶಿರಸಿ ಫಾರ್ಮಸಿಸ್ಟ್:
ಸಾಕಾಗಲ್ಲ. ಮಧ್ಯಾಹ್ನ ಒಮ್ಮೆ, ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಒಮ್ಮೆ ಹೋಗಿ. ಫಾರ್ಮಸಿಸ್ಟ್ ಊಟಕ್ಕೆ ಹೋದಾಗ ಕೆಲಸದ ಹುಡುಗನೇ ಔಷಧಿ ಕೊಡುವುದು ಜಾಸ್ತಿ, ಅದು ಬೆಳಿಗ್ಗೆ ಹೋದರೆ ಕಾಣಲ್ಲ.