ಲ್ಯಾಬಿನಲ್ಲಿ ಹನ್ನೆರಡು ಗಂಟೆ ಕೂತರೆ ಅದು ಕೆಲಸವಾ?

ಖಾಲಿ ಜೆಲ್:
ಎಂಎಸ್ಸಿ ಎರಡನೇ ವರ್ಷ, ಮಾಲಿಕ್ಯುಲರ್ ಬಯಾಲಜಿ ಪ್ರಾಜೆಕ್ಟ್. ನಮ್ಮ ಗೈಡ್ ಒಂದು ನಿಯಮ ಮಾಡಿದ್ದಾರೆ. ಬೆಳಿಗ್ಗೆ 9ಕ್ಕೆ ಲ್ಯಾಬಿನಲ್ಲಿರಬೇಕು, ರಾತ್ರಿ 9ರ ಮೊದಲು ಹೊರಡುವ ಹಾಗಿಲ್ಲ. ಶನಿವಾರವೂ ಅಷ್ಟೇ. ಬಾಗಿಲ ಪಕ್ಕ ರಿಜಿಸ್ಟರ್, ಅದರಲ್ಲಿ ಸಹಿ.

ಐದು ವಾರದಿಂದ ಒಂದೇ ಪಿಸಿಆರ್ (ಡಿಎನ್‌ಎ ತುಣುಕನ್ನು ಮತ್ತೆ ಮತ್ತೆ ನಕಲು ಮಾಡುವ ವಿಧಾನ) ಮಾಡುತ್ತಿದ್ದೇನೆ. ನಕಲಾಗಿದ್ದರೆ ಜೆಲ್ ಮೇಲೆ ಹೊಳೆಯುವ ಗೆರೆ, ಅಂದರೆ ಬ್ಯಾಂಡ್, ಕಾಣುತ್ತದೆ. ಡಿಎನ್‌ಎ ಹಾಕದೆ ಬರೀ ನೀರು ಹಾಕಿದ ಕಂಟ್ರೋಲ್ ಟ್ಯೂಬಿನಲ್ಲೂ ಬ್ಯಾಂಡ್ ಬರುತ್ತಿದೆ, ಅಲ್ಲಿ ಬರಲೇಬಾರದು. ಸ್ಯಾಂಪಲ್ ಸಾಲುಗಳಷ್ಟೇ ಚೆನ್ನಾಗಿ ಹೊಳೆಯುತ್ತದೆ, ಸೈಜೂ ಅದೇ. ನಿನ್ನೆ ಗೈಡ್‌ಗೆ ತೋರಿಸಿದೆ. ಫೋಟೋವನ್ನು ಸರಿಯಾಗಿ ನೋಡಲೂ ಇಲ್ಲ, "ಇನ್ನೂ ಸ್ವಲ್ಪ ಹೊತ್ತು ಕೂತು ಮಾಡು" ಅಂದರು. ಹನ್ನೆರಡು ಗಂಟೆ ಸಾಲದು ಅಂದರೆ ಇನ್ನೆಷ್ಟು ಕೂರಲಿ? ಎಲ್ಲ ಕಡೆಯೂ ಹೀಗೇನಾ?

ಹಳೇ ಸೀನಿಯರ್:
ಬೇಜಾರು ಮಾಡ್ಕೋಬೇಡಿ ತಂಗಿ, ನಾನು ಗೈಡ್ ಪರ. ಬ್ಯಾಕ್ಟೀರಿಯಾ ನಮ್ಮ ಟೈಮ್ ಟೇಬಲ್ ನೋಡಿ ಬೆಳೆಯುವುದಿಲ್ಲ. ಇ. ಕೋಲೈ ಚೆನ್ನಾಗಿ ಬೆಳೆಯುವಾಗ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಓಡಿ (ಬ್ಯಾಕ್ಟೀರಿಯಾ ಎಷ್ಟು ದಟ್ಟವಾಗಿದೆ ಅನ್ನುವ ಅಳತೆ) 0.6ಕ್ಕೆ ಬಂದಾಗ ಐಪಿಟಿಜಿ (ಬೇಕಾದ ಜೀನನ್ನು ಚಾಲು ಮಾಡುವ ರಾಸಾಯನಿಕ) ಹಾಕಬೇಕು ಅಂದರೆ ಆ ಹೊತ್ತಿಗೆ ನೀವು ಅಲ್ಲಿರಲೇಬೇಕು. ಊಟಕ್ಕೆ ಹೋಗಿ ಹರಟೆ ಹೊಡೆದು ಬರುವಷ್ಟರಲ್ಲಿ 1.5 ದಾಟಿರುತ್ತದೆ. ನಾವೆಲ್ಲ ಹೀಗೇ ಕೂತು ಕಲಿತವರು.

ಪೆನ್ನು ಪೇಪರ್:
ನಾನು ಥಿಯರಿ ಫಿಸಿಕ್ಸ್, ಹಾಗಾಗಿ ನನ್ನ ಮಾತಿಗೆ ಅರ್ಧ ಬೆಲೆ ಅಂತ ಗೊತ್ತು. ಆದರೂ ಒಂದು ಮಾತು. ಆಕೆ ಐದು ವಾರದಿಂದ ಜಗಳ ಆಡುತ್ತಿರುವ ಆ ಪಿಸಿಆರ್ ಇದೆಯಲ್ಲ, ಅದರ ಐಡಿಯಾ ಹುಟ್ಟಿದ್ದೇ ಲ್ಯಾಬಿನ ಹೊರಗೆ. 1983ರಲ್ಲಿ ಕ್ಯಾರಿ ಮುಲ್ಲಿಸ್ ರಾತ್ರಿ ಕಾರು ಓಡಿಸುತ್ತಿದ್ದಾಗ ಹೊಳೆದದ್ದು ಅದು. 1993ರಲ್ಲಿ ನೊಬೆಲ್ ಬಂತು. ಅವರಿದ್ದ ಕಡೆ ಸಹಿ ಹಾಕುವ ರಿಜಿಸ್ಟರ್ ಇದ್ದಿದ್ದರೆ?

ಹಳೇ ಸೀನಿಯರ್:
ಕಾರಿನ ಕತೆ ಎಲ್ಲರೂ ಹೇಳುತ್ತಾರೆ. ಅಲ್ಲಿಂದ ಮುಂದೆ ಬೆಂಚಿನ ಮೇಲೆ ತಿಂಗಳುಗಟ್ಟಲೆ ಒದ್ದಾಡಿದ ಕತೆ ಯಾರೂ ಹೇಳುವುದಿಲ್ಲ. ಪೇಪರ್ ಬಂದದ್ದು 1985ರಲ್ಲಿ, ಅದರ ಮೇಲೆ ಏಳು ಜನರ ಹೆಸರಿದೆ. ಐಡಿಯಾ ಒಬ್ಬರಿಗೆ ಹೊಳೆಯಬಹುದು. ಪಿಪೆಟ್ ಹಿಡಿದವರು ಬೇರೆ ಇದ್ದರು.

ಟಿಎಲ್‌ಸಿ ರಾಣಿ:
ಸೀನಿಯರ್ ಅಣ್ಣ, ಕೆಲಸ ಇದ್ದಾಗ ಕೂರಬೇಕು ಅನ್ನೋದಕ್ಕೆ ಯಾರ ತಕರಾರೂ ಇಲ್ಲ. ನಾನು ಆರ್ಗ್ಯಾನಿಕ್ ಕೆಮಿಸ್ಟ್ರಿ. ಕಾಲಂ (ಸಿಲಿಕಾ ತುಂಬಿದ ಕೊಳವೆಯಲ್ಲಿ ಸಾಲ್ವೆಂಟ್ ಹರಿಸಿ ಕಾಂಪೌಂಡ್ ಬೇರ್ಪಡಿಸುವುದು) ಶುರು ಮಾಡಿದರೆ ನಾಲ್ಕು ಗಂಟೆ ಅಲ್ಲಾಡುವ ಹಾಗಿಲ್ಲ. ಸಾಲ್ವೆಂಟ್ ಮುಗಿದು ಸಿಲಿಕಾ ಒಣಗಿತೋ, ಬಿರುಕು ಬಿಟ್ಟು ಎಲ್ಲ ಹಾಳು. ಅದಕ್ಕೆ ಯಾರೂ ರಿಜಿಸ್ಟರ್ ಇಡಬೇಕಾಗಿಲ್ಲ.

ಆದರೆ ಗಂಟೆ ತುಂಬಿಸಲು ಕೂತರೆ ಏನಾಗುತ್ತದೆ ಅಂತ ನನ್ನ ಕತೆ ಕೇಳಿ. ನಮ್ಮಲ್ಲೂ ಇಂಥದ್ದೇ ನಿಯಮ. ಒಂದು ದಿನ ಏಳು ಗಂಟೆಗೆ ಕೆಲಸ ಮುಗಿದಿತ್ತು. ಸುಮ್ನೆ ಕೂರೋದು ಯಾಕೆ ಅಂತ ಮಾರನೇ ದಿನದ ಎಕ್ಸ್‌ಟ್ರಾಕ್ಷನ್ ಶುರು ಮಾಡಿದೆ. ನೀರಿನಲ್ಲಿರುವ ಕಾಂಪೌಂಡನ್ನು ಸಾಲ್ವೆಂಟಿಗೆ ಎಳೆದುಕೊಳ್ಳುವ ಕೆಲಸ ಅದು. ವಾರವೆಲ್ಲ ಈಥೈಲ್ ಅಸಿಟೇಟ್ ಅನ್ನುವ ಸಾಲ್ವೆಂಟ್ ಬಳಸಿದ್ದೆ. ಅದು ನೀರಿನ ಮೇಲೆ ನಿಲ್ಲುತ್ತದೆ, ಕೆಳಗಿನ ಪದರ ನೀರು, ಬಿಟ್ಟುಬಿಡಬಹುದು. ಅವತ್ತು ಡಿಸಿಎಂ (ಡೈಕ್ಲೋರೋಮೀಥೇನ್) ತೊಗೊಂಡಿದ್ದೆ. ಅದು ನೀರಿಗಿಂತ ಭಾರ, ಕೆಳಗೆ ಕೂರುತ್ತದೆ. ಕೈ ಅಭ್ಯಾಸದ ಪ್ರಕಾರ ಕೆಳಗಿನದ್ದನ್ನು ಸೀದಾ ವೇಸ್ಟ್ ಬಾಟಲಿಗೆ ಬಿಟ್ಟಿತು. ಎಲ್ಲರ ಸಾಲ್ವೆಂಟೂ ಇದ್ದ ಕಂದು ಬಾಟಲಿ ಅದು. ಒಂಬತ್ತು ದಿನದ ಕಾಂಪೌಂಡ್! ನಾನು ಫನೆಲ್ ಹಿಡಿದುಕೊಂಡು ಬಾಟಲಿಯನ್ನೇ ನೋಡುತ್ತಾ ನಿಂತೆ. ರಿಜಿಸ್ಟರಿನಲ್ಲಿ ಅವತ್ತಿನ ಸಹಿ 9:10ಕ್ಕೆ.

ಪೆನ್ನು ಪೇಪರ್:
ಅಯ್ಯೋ. ಓದಿದರೇ ಹೊಟ್ಟೆ ತೊಳಸಿತು.

ಹಳೇ ಸೀನಿಯರ್:
ಯಾವ ಪದರವನ್ನೂ ಕೊನೆಯವರೆಗೆ ಎಸೆಯಬಾರದು ಅಂತ ಮೊದಲ ದಿನವೇ ಹೇಳಿಕೊಟ್ಟಿರುತ್ತಾರೆ ತಾಯಿ, ಅದು ಗಂಟೆಯ ತಪ್ಪಲ್ಲ.

ನಾನು ಹೇಳೋದು ಬೇರೆ. ಜೋಸೆಲಿನ್ ಬೆಲ್ 1967ರಲ್ಲಿ ಪಲ್ಸಾರ್ (ತಾಳ ತಪ್ಪದೆ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ) ಕಂಡಾಗ ಪಿಎಚ್‌ಡಿ ವಿದ್ಯಾರ್ಥಿನಿ. ಟೆಲಿಸ್ಕೋಪ್ ದಿನಕ್ಕೆ ಸುಮಾರು 30 ಮೀಟರ್ ಚಾರ್ಟ್ ಪೇಪರ್ ಉಗುಳುತ್ತಿತ್ತು, ಅಷ್ಟನ್ನೂ ಕಣ್ಣಿನಲ್ಲೇ ನೋಡಬೇಕು. ಅದರಲ್ಲಿ ಸಿಕ್ಕಿದ್ದು ಒಂದು ಸಣ್ಣ ಗೀಚು. ಅದನ್ನು ವೇಗದ ರೆಕಾರ್ಡಿಂಗಿನಲ್ಲಿ ಹಿಡಿಯಲು ದಿನಾ ಹೋದರು, ವಾರಗಟ್ಟಲೆ ಏನೂ ಬರಲಿಲ್ಲ. ಒಂದು ದಿನ ಯಾವುದೋ ಉಪನ್ಯಾಸ ಕೇಳಲು ಹೋದರು. ಅವತ್ತೇ ಆ ಗೀಚು ವಾಪಸ್ ಬಂದಿತ್ತು! ಇರಬೇಕು ಅನ್ನೋದು ಇದಕ್ಕೇ.

ಪೆನ್ನು ಪೇಪರ್:
ಕತೆ ಅರ್ಧಕ್ಕೇ ನಿಲ್ಲಿಸಿದಿರಲ್ಲ ಸರ್. ಒಂದು ದಿನ ತಪ್ಪಿತು, ಕೆಲವೇ ದಿನದಲ್ಲಿ ಮತ್ತೆ ಸಿಕ್ಕಿತು, 1.3 ಸೆಕೆಂಡಿಗೊಂದು ಮಿಡಿತ ಅಂತ ಗೊತ್ತಾಯಿತು. ಆಕಾಶ ಎಲ್ಲೂ ಓಡಿಹೋಗಲಿಲ್ಲ. ಇನ್ನು 1974ರ ನೊಬೆಲ್ ಹೋಗಿದ್ದು ಆಕೆಯ ಗೈಡ್ ಹ್ಯೂವಿಶ್ ಮತ್ತು ಮಾರ್ಟಿನ್ ರೈಲ್ ಅವರಿಗೆ. ಪೇಪರ್ ನೋಡಿದ ಕಣ್ಣು ಯಾರದ್ದು, ಬಹುಮಾನ ಯಾರಿಗೆ?

ಹಳೇ ಸೀನಿಯರ್:
ಆಕೆಯೇ ಅದನ್ನು ದೊಡ್ಡದು ಮಾಡಲಿಲ್ಲ. 2018ರಲ್ಲಿ 30 ಲಕ್ಷ ಡಾಲರಿನ ಬಹುಮಾನ ಬಂದಾಗ ಪೂರ್ತಿ ವಿದ್ಯಾರ್ಥಿವೇತನಕ್ಕೆ ಕೊಟ್ಟುಬಿಟ್ಟರು.

ಪೆನ್ನು ಪೇಪರ್:
ಅದು ಆಕೆಯ ದೊಡ್ಡತನ. ಅದನ್ನು ತೋರಿಸಿ ನಮ್ಮನ್ನು ಸುಮ್ಮನಿರಿಸಬೇಡಿ.

ಎರಡೂ ದಡ:
ನಾನು ಈಗ ಗೈಡ್, ಬೈಸಿಕೊಳ್ಳಲು ಸಿದ್ಧಳಾಗಿಯೇ ಬರೆಯುತ್ತಿದ್ದೇನೆ. ರಿಜಿಸ್ಟರ್ ನಾನೂ ಇಟ್ಟಿದ್ದೆ. ರಾತ್ರಿ ಒಬ್ಬರೇ ಲ್ಯಾಬಿನಲ್ಲಿ ಇರಬಾರದು, ಯಾರಿದ್ದಾರೆ ಅಂತ ಗೊತ್ತಿರಲಿ ಅಂತ. ಆರು ತಿಂಗಳಲ್ಲಿ ಅದು ಹಾಜರಿ ಪುಸ್ತಕವಾಗಿತ್ತು. ಯಾರು ಬೇಗ ಹೋದರು ಅಂತ ನಾನೇ ಹಾಳೆ ತಿರುವಿ ನೋಡುತ್ತಿದ್ದೆ. ನಾಚಿಕೆಯಾಗಿ ತೆಗೆಸಿದೆ. ಕುರ್ಚಿ ಲೆಕ್ಕ ಇಡೋದು ಸುಲಭ. ವಿದ್ಯಾರ್ಥಿಯ ಪಕ್ಕ ಹತ್ತು ನಿಮಿಷ ನಿಂತು ಜೆಲ್ ನೋಡೋದು ಕಷ್ಟ, ನಮ್ಮಲ್ಲಿ ಬಹಳ ಜನ ಅದನ್ನು ತಪ್ಪಿಸಿಕೊಳ್ಳುತ್ತೇವೆ.

ಖಾಲಿ ಜೆಲ್, ಈಗ ನಿಮ್ಮ ವಿಷಯ. ಪಿಸಿಆರ್‌ಗೆ ಹಾಕುವ ನೀರು ಎಷ್ಟು ದಿನದ್ದು? ಪಿಸಿಆರ್ ಮುಗಿದ ಟ್ಯೂಬ್ ಎಲ್ಲಿ ತೆರೆಯುತ್ತೀರಿ?

ಖಾಲಿ ಜೆಲ್:
ನೀರು ಮೊದಲ ದಿನದಿಂದ ಅದೇ ಬಾಟಲಿ ಮೇಡಂ. ಟ್ಯೂಬ್ ತೆರೆದು ಜೆಲ್‌ಗೆ ಹಾಕುವುದೂ, ಮಿಕ್ಸ್ ಮಾಡುವುದೂ ಒಂದೇ ಮೇಜು. ಪಿಪೆಟ್ಟೂ ಒಂದೇ.

ಎರಡೂ ದಡ:
ಸಿಕ್ಕಿಬಿತ್ತು ನೋಡಿ. ಪ್ರತಿ ಸೈಕಲ್‌ನಲ್ಲೂ ಪೂರ್ತಿ ಇಮ್ಮಡಿಯಾದರೆ, 30 ಸೈಕಲ್‌ಗೆ ಒಂದು ಡಿಎನ್‌ಎ ತುಣುಕು ನೂರು ಕೋಟಿ ದಾಟುತ್ತದೆ. ಟ್ಯೂಬ್ ಮುಚ್ಚಳ ತೆರೆದಾಗ ಕಣ್ಣಿಗೆ ಕಾಣದ ಹನಿ ಹಾರುತ್ತದೆ. ಅದರಲ್ಲಿ ಸ್ವಲ್ಪ ಪಿಪೆಟ್ಟಿನ ಒಳಗೆ, ಅಲ್ಲಿಂದ ನೀರಿಗೆ. ಆ ಮೇಜಿನಲ್ಲಿ ಜಾಸ್ತಿ ಹೊತ್ತು ಕೂತಷ್ಟೂ ಜಾಸ್ತಿ ಹಬ್ಬುತ್ತದೆ.

ಒಂದೊಂದೇ ಬದಲಾಯಿಸುತ್ತಾ ಹೋಗಬೇಡಿ. ಎಲ್ಲವನ್ನೂ ಒಟ್ಟಿಗೆ ಹೊಸದು ಮಾಡಿ. ಹೊಸ ನೀರು, ಪ್ರೈಮರಿನ (ನಕಲು ಶುರುವಾಗಲು ಬೇಕಾದ ಪುಟ್ಟ ಡಿಎನ್‌ಎ ತುಣುಕು) ಹೊಸ ಪಾಲು, ಫಿಲ್ಟರ್ ಇರುವ ಟಿಪ್, ಬೇರೆ ಕೋಣೆ, ಬೇರೆ ಪಿಪೆಟ್. ಮುಗಿದ ಟ್ಯೂಬ್ ಆ ಕೋಣೆಗೆ ಬರಲೇಬಾರದು.

ಟಿಎಲ್‌ಸಿ ರಾಣಿ:
ಐದು ವಾರ, ದಿನಕ್ಕೆ 12 ಗಂಟೆ. ಬೇಕಾಗಿದ್ದು ಎರಡು ಪ್ರಶ್ನೆ!

ಹಳೇ ಸೀನಿಯರ್:
ಸರಿ, ಒಪ್ಪಿದೆ. ಆದರೆ ಅಕ್ಕಪಕ್ಕದ ಬೆಂಚಿನವರನ್ನು ಕೇಳಬಹುದಿತ್ತಲ್ವಾ? ನಮ್ಮ ಕಾಲದಲ್ಲಿ ರಾತ್ರಿ ಕೂತಿದ್ದರ ದೊಡ್ಡ ಲಾಭವೇ ಅದು, ಪಕ್ಕದವರು ಬಗ್ಗಿ ನೋಡಿ "ಏನಪ್ಪಾ ಇದು" ಅನ್ನುತ್ತಿದ್ದರು.

ಖಾಲಿ ಜೆಲ್:
ಅಣ್ಣ, ನಿಜ ಹೇಳಲಾ? ಏಳರಿಂದ ಒಂಬತ್ತು ನಮ್ಮಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ನಾನು ಟಿಪ್ ಬಾಕ್ಸ್ ತುಂಬಿಸುತ್ತೇನೆ. ತುಂಬಿರುವುದನ್ನೇ ಖಾಲಿ ಮಾಡಿ ಮತ್ತೆ ತುಂಬಿಸಿದ್ದೂ ಇದೆ. ಪಕ್ಕದವನು ಟ್ಯೂಬ್‌ಗಳ ಮೇಲಿನ ಹೆಸರನ್ನು ಬಣ್ಣದ ಪೆನ್ನಿನಲ್ಲಿ ತಿದ್ದುತ್ತಾನೆ. ಎಲ್ಲರೂ ಗೋಡೆ ಗಡಿಯಾರ ನೋಡುತ್ತಿರುವಾಗ ನನ್ನ ಜೆಲ್ ನೋಡಿ ಅಂತ ಯಾರನ್ನು ಕೇಳಲಿ?

ಹಳೇ ಸೀನಿಯರ್:
ಹಾಗಾದರೆ ನಿಮ್ಮ ಲ್ಯಾಬ್ ನಮ್ಮ ಲ್ಯಾಬಿನ ಹಾಗಿಲ್ಲ. ನಾನು ಬೇರೆ ಥರ ಅಂದುಕೊಂಡಿದ್ದೆ.

ಖಾಲಿ ಜೆಲ್ (ಆರು ದಿನದ ನಂತರ):
ಪಕ್ಕದ ಡಿಪಾರ್ಟ್‌ಮೆಂಟಿನ ಖಾಲಿ ಕೋಣೆ ಕೇಳಿ ತೊಗೊಂಡೆ. ಎಲ್ಲ ಹೊಸದು. ನೀರಿನ ಸಾಲು ಈಗ ಪೂರ್ತಿ ಕಪ್ಪು, ಒಂದು ಗೆರೆಯೂ ಇಲ್ಲ.

ನನ್ನ ಹನ್ನೊಂದು ಸ್ಯಾಂಪಲ್ ಸಾಲುಗಳಲ್ಲೂ ಇಲ್ಲ. ಅಂದರೆ ಐದು ವಾರ ನಾನು ಖುಷಿಯಿಂದ ನೋಡುತ್ತಿದ್ದ ಬ್ಯಾಂಡುಗಳೆಲ್ಲ ಆ ನೀರಿನದ್ದೇ.

ಎರಡೂ ದಡ:
ಪಾಸಿಟಿವ್ ಕಂಟ್ರೋಲ್, ಅಂದರೆ ಬ್ಯಾಂಡ್ ಬರಲೇಬೇಕಾದ ಟ್ಯೂಬ್, ಅದು ಬಂತಾ?

ಖಾಲಿ ಜೆಲ್:
ಬಂತು ಮೇಡಂ. ಗಟ್ಟಿಯಾಗಿ ಬಂತು.

ಎರಡೂ ದಡ:
ಹಾಗಿದ್ದರೆ ಇದು ನಿಮ್ಮ ಮೊದಲ ರಿಸಲ್ಟ್. ಫೋಟೋ ನೋಟ್‌ಬುಕ್‌ಗೆ ಅಂಟಿಸಿ, ತಾರೀಖು ಹಾಕಿ. ನಾಳೆ ಸ್ಯಾಂಪಲ್‌ಗಳಲ್ಲಿ ಡಿಎನ್‌ಎ ಇದೆಯಾ ಅಂತಲೇ ಮೊದಲು ನೋಡಿ.

ಟಿಎಲ್‌ಸಿ ರಾಣಿ:
ಮತ್ತೆ ರಿಜಿಸ್ಟರ್?

ಖಾಲಿ ಜೆಲ್:
ಆ ಕೋಣೆಯ ಬಾಗಿಲಲ್ಲಿ ರಿಜಿಸ್ಟರ್ ಇಲ್ಲ. ನಿನ್ನೆ ಆರಕ್ಕೆ ಮುಗಿಸಿದೆ. ಆಮೇಲೆ ನಮ್ಮ ಲ್ಯಾಬಿಗೆ ಹೋಗಿ ಒಂಬತ್ತರವರೆಗೆ ಟಿಪ್ ತುಂಬಿಸಿದೆ.